ತ್ರ್ಯಂಬಕ ಬಿಟ್ಟು ಶಾಲೆಗೆ

ಎರಡು ಜ್ಯೋತಿರ್ಲಿಂಗಗಳ ದರ್ಶನ ಮಾಡಿ ಬರುತ್ತೇನೆ ಎಂದು ಓಣಿಯವರಿಗೆಲ್ಲ ಹೇಳಿ ಹೋದವಳು ನಾನು. ನೋಡಿ ಬಂದದ್ದು ಒಂದನ್ನೇ. ವಿಜಯಪುರಕ್ಕೆ ಮರಳಿದ ದಿನದಿಂದ ಮನೆಗೆ ಬಂದವರೆಲ್ಲ ಕೇಳುತ್ತಿದ್ದಾರೆ, “ತ್ರ್ಯಂಬಕೇಶ್ವರನ ಪ್ರಸಾದ ಎಲ್ಲೈತ್ರಿ?” ಎಂದು. ನಾಸಿಕದವರೆಗೆ ಹೋಗಿ, ಇನ್ನೊಂದು ತಾಸಿನ ದಾರಿ ಉಳಿದಿರುವಾಗ ಬೆನ್ನು ತಿರುಗಿಸಿ ಬಂದವಳಿಗೆ ತಲೆ ನೆಟ್ಟಗಿಲ್ಲ ಎಂದು ಕೆಲವರು ಅಂದುಕೊಂಡಿರಲೂಬಹುದು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ನಡೆದದ್ದನ್ನು ಇಲ್ಲಿ ಬರೆದಿಡುತ್ತೇನೆ. ಓದಿದ ಮೇಲೆ ಏನು ಬೇಕಾದರೂ ಅನ್ನಲಿ.

ವಾಳೂಜ್, ಮಗಳ ಮನೆ

ಛತ್ರಪತಿ ಸಂಭಾಜಿನಗರದ ಹೊರಗೆ ವಾಳೂಜ್‌ನಲ್ಲಿ ನನ್ನ ಮಗಳು ವೀಣಾಳ ಮನೆ. ಅಳಿಯಂದಿರು ಬ್ಯಾಂಕಿನವರು, ವರ್ಗವಾಗಿ ಬಂದು ನಾಲ್ಕು ವರ್ಷವಾಯಿತು. ಅಲ್ಲಿ ಎತ್ತ ನೋಡಿದರೂ ಕಾರ್ಖಾನೆ. ನಾನು ಬೆಳಿಗ್ಗೆ ಸ್ನಾನ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ ಪಾಳಿ ಮುಗಿಸಿದವರು ನಿದ್ದೆಗಣ್ಣಲ್ಲೇ ಚಹಾ ಕುಡಿಯುತ್ತ ನಿಂತಿರುತ್ತಿದ್ದರು. ಅವರ ದಿನ ಮುಗಿಯುವಾಗ ನನ್ನದು ಶುರುವಾಗುತ್ತಿತ್ತು.

ಬಂದ ಮೊದಲ ರವಿವಾರವೇ ಅಳಿಯಂದಿರು ಘೃಷ್ಣೇಶ್ವರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದೇ ಗರ್ಭಗುಡಿಗೆ ಹೋಗಬೇಕು. ಅತ್ತೆಯ ಮುಂದೆ ಹೊಟ್ಟೆ ತೋರಿಸಲು ನಾಚಿ ಅವರು ನಾಲ್ಕು ಜನರ ಹಿಂದೆ ನಿಂತಿದ್ದರು. ನನಗೆ ಲಿಂಗವನ್ನು ಮುಟ್ಟಿ ನಮಸ್ಕರಿಸಲು ಸಿಕ್ಕಿತು. ಒಂದಾಯಿತು, ಇನ್ನೊಂದು ನಾಸಿಕದ ಕಡೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನಮ್ಮಲ್ಲಿ ಎಳ್ಳು-ಬೆಲ್ಲ ಕೊಟ್ಟು, ಎರಡು ಮಾತಾಡಿ ಎದ್ದು ಹೋಗುತ್ತಾರೆ. ಇಲ್ಲಿಯವರದು ಹಾಗಲ್ಲ. ರಥಸಪ್ತಮಿಯವರೆಗೆ ದಿನಕ್ಕೊಂದು ಮನೆಯಲ್ಲಿ ಅರಿಸಿನ-ಕುಂಕುಮ. ಹೋದವರಿಗೆಲ್ಲ ಒಂದೊಂದು ವಸ್ತು ಕೊಡುತ್ತಾರೆ, ಅದಕ್ಕೆ ‘ವಾಣ’ ಎನ್ನುತ್ತಾರೆ. ವಾರದಲ್ಲಿ ನನಗೆ ಮೂರು ಚಹಾ ಸೋಸುವ ಜರಡಿ ಬಂದವು. ಮೇಲಿನ ಮಹಡಿಯ ಮನೀಷಾ ಕೊಟ್ಟದ್ದು ಮಾತ್ರ ಬೇರೆ.

ಅವಳ ಮಗ ಹೋದ ವರ್ಷ ಮೂರನೆಯ ಇಯತ್ತೆ, ಅಂದರೆ ಮೂರನೆಯ ತರಗತಿ, ದಾಟಿದವನು. ನನ್ನ ಮೊಮ್ಮಗಳು ಗೌರಿ ಈಗ ಅದೇ ಶಾಲೆಯಲ್ಲಿ ಮೂರನೆಯದರಲ್ಲಿ ಇದ್ದಾಳೆ. ಕುಂಕುಮ ಹಚ್ಚುತ್ತ ಮನೀಷಾ ವೀಣಾಳ ಕಿವಿಯಲ್ಲಿ ಏನೋ ಹೇಳಿದಳು. ಕೆಳಗೆ ಇಳಿದು ಬರುವಷ್ಟರಲ್ಲಿ ವೀಣಾಳ ಫೋನಿಗೆ ನಾಲ್ಕು ಫೋಟೋ ಬಂದಿದ್ದವು. ಓದಿನ ಚಾಚಣಿಯಲ್ಲಿ, ಅಂದರೆ ಪರೀಕ್ಷೆಯಲ್ಲಿ, ಮಕ್ಕಳ ಕೈಗೆ ಕೊಡುವ ನಾಲ್ಕು ಕಾರ್ಡುಗಳು.

“ಇದಾ ಬರತದಂತವ್ವ ಈ ಸಲಾನೂ,” ಎಂದಳು ವೀಣಾ.

“ಎಷ್ಟು ಮಾರ್ಕ್ಸಿಂದು?”

“ಮಾರ್ಕ್ಸ್ ಹಾಕ್ತಾರ, ಆದ್ರ ಅದರ ಸಲುವಾಗಿ ಅಲ್ಲ. ಯಾರ ಎಲ್ಲಿ ಎಡವತಾರ ಅಂತ ನೋಡ್ತಾರ. ಒಬ್ಬರಿಗೆ ಅಕ್ಷರನ ಗುರ್ತ ಹತ್ತಂಗಿಲ್ಲ. ಒಬ್ಬರಿಗೆ ಅಕ್ಷರ ಬರತಾವ, ಕೂಡಿಸಿ ಓದಾಕ ಬರಂಗಿಲ್ಲ. ಇನ್ನೊಬ್ಬರು ಪಟಪಟ ಓದತಾರ, ಏನ್ ಓದಿದ್ರಿ ಅಂದ್ರ ಮಾರಿ ಮಾರಿ ನೋಡತಾರ. ಎಲ್ಲಾರಿಗೂ ಒಂದಾ ಪಾಠ ಹೇಳಿದ್ರ ಹೆಂಗ?”

ಆ ಶಾಲೆಯ ಪದ್ಧತಿಯನ್ನು ಅವಳು ನನಗೆ ಬಿಡಿಸಿ ಹೇಳಿದಳು. ಮೂರನೆಯದರಲ್ಲಿ ಸೆಕ್ಷನ್ ಎನ್ನುವ ಹಾಗೆ ಮೂರು ತುಕಡಿಗಳು, ಮೂವರು ಶಿಕ್ಷಕರು. ವರ್ಷಕ್ಕೆ ಮೂರು ಸಲ ಒಬ್ಬೊಬ್ಬ ಮಗುವಿನ ಓದನ್ನೂ ಬೇರೆ ಬೇರೆ ಕೇಳಿ ಒಂದು ಚೀಟಿಯಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಮೂವರೂ ಒಂದು ಶನಿವಾರ ಕೂತು, ಮೂರೂ ತುಕಡಿಗಳ ಚೀಟಿಗಳನ್ನು ಒಟ್ಟಿಗೆ ಹರವಿ, ಒಂದೇ ತೊಂದರೆ ಇರುವ ಮಕ್ಕಳನ್ನು ಒಂದು ಗುಂಪು ಮಾಡುತ್ತಾರೆ. ಸೋಮವಾರದಿಂದ ಮೊದಲ ತಾಸಿಗೆ ಮಕ್ಕಳು ತಮ್ಮ ಕೋಣೆ ಬಿಟ್ಟು ಆಯಾ ಗುಂಪಿಗೆ ಹೋಗುತ್ತಾರೆ. ಗೌರಿ ದೀಪಾವಳಿಯಿಂದ ಶುಭಾಂಗಿ ಬಾಯಿಯ ಗುಂಪಿನಲ್ಲಿದ್ದಳು. ನಮ್ಮ ಕಡೆ ಅಕ್ಕೋರು ಎನ್ನುವ ಹಾಗೆ ಇಲ್ಲಿ ಟೀಚರಿಗೆ ಬಾಯಿ ಎನ್ನುತ್ತಾರೆ. ಅಕ್ಷರ ಕೂಡಿಸುವಲ್ಲಿ ನಿಂತುಬಿಡುವ ಎಂಟು ಮಕ್ಕಳ ಗುಂಪು ಅದು.

ನನಗೆ ದೇವನಾಗರಿ ಓದಲು ಬರುತ್ತದೆ. ಸ್ತೋತ್ರದ ಪುಸ್ತಕಗಳಿಂದ ಬಂದ ವಿದ್ಯೆ. ನಾನು ಕಲಿತದ್ದೆಲ್ಲ ಒಂದೇ ರೀತಿಯಲ್ಲಿ: ನಮ್ಮವ್ವ ಹೂಬತ್ತಿ ಹೊಸೆಯುತ್ತ ಒಂದು ಸಾಲು ಹೇಳುವಳು, ನಾನೊಂದು ಸಾಲು ಹೇಳುವೆ. ಪುಸ್ತಕ ಆಮೇಲೆ ಬಂತು, ಸಾಲುಗಳು ಮೊದಲೇ ಬಂದಿದ್ದವು. ಮೊಮ್ಮಗಳಿಗೂ ಹಾಗೆಯೇ ಶುರು ಮಾಡಿದೆ. ಸಂಜೆ ದೀಪ ಹಚ್ಚಿದ ಮೇಲೆ, ವೀಣಾ ಆ ಫೋಟೋಗಳನ್ನು ಹಾಕಿಕೊಟ್ಟಿದ್ದ ನನ್ನ ಫೋನು ಮುಂದಿಟ್ಟುಕೊಂಡು ನಾನೊಂದು ಸಾಲು, ಅವಳೊಂದು ಸಾಲು. ಹಳ್ಳಕ್ಕೆ ನೀರು ಕುಡಿಯಲು ಹೋದ ಮೇಕೆಯ ಕಥೆ, ಸಂತೆಯ ಕಥೆ, ಮತ್ತೆರಡು. ಐದು ದಿನಕ್ಕೆ ನಾಲ್ಕೂ ಕಾರ್ಡು ಅವಳ ಬಾಯಲ್ಲಿ ನಿಂತವು. ಅವಳ ನೆನಪು ನೋಡಿ ನನಗೆ ನಮ್ಮವ್ವನೇ ಹುಟ್ಟಿಬಂದಂತಾಯಿತು. ಕಳ್ಳತನ ಮಾಡಿಸುತ್ತಿದ್ದೇನೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಬಾಯಿಪಾಠವಾದರೆ ಪಾಠ ಬಂದಂತೆ ಎಂದೇ ನಾನು ಇಷ್ಟು ವರ್ಷ ನಂಬಿದ್ದು.

ಶಾಲೆ, ಗುರುವಾರ ಬೆಳಿಗ್ಗೆ

ಗೌರಿಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ಕೊಡಲು ಹೋದವಳು ಅಲ್ಲೇ ನಿಂತು ನೋಡಿದೆ. ಬೇವಿನ ಮರದ ಕೆಳಗೆ ಒಂದು ಮೇಜು. ಶುಭಾಂಗಿ ಬಾಯಿ ಒಂದು ಕಡೆ, ಎದುರಿಗೆ ಒಂದು ಮಗು. ದೂರದಲ್ಲಿ ಕಾಯುವವರ ಸಾಲು.

ಒಬ್ಬ ಹುಡುಗಿ ಓದುತ್ತಿದ್ದಳು. ತಡವರಿಸಿದಳು. ಬಾಯಿ ತಿದ್ದಲಿಲ್ಲ, ಗದರಲಿಲ್ಲ, ಹೇಳಿಕೊಡಲೂ ಇಲ್ಲ. ಕಾದರು. ಮಗು ಮುಂದೆ ಹೋಗದಿದ್ದಾಗ ಚೀಟಿಯ ಹಿಂದೆ ಪೆನ್ಸಿಲಿನಿಂದ ಏನೋ ಗೀಚಿ “ಪುಢೇ,” ಎಂದರು, ಮುಂದೆ ಹೋಗು ಎಂದು. ನಮ್ಮ ಕಾಲದಲ್ಲಿ ಇಷ್ಟು ಹೊತ್ತು ಸುಮ್ಮನಿದ್ದರೆ ಮೊಣಕೈ ಮೇಲೆ ಪಟ್ಟಿಯ ಏಟು ಬೀಳುತ್ತಿತ್ತು. ಇವರೆಂಥ ಟೀಚರು, ಬಾಯಿ ಬಿಟ್ಟು ಹೇಳಬಾರದೇ ಎಂದುಕೊಂಡೆ.

ಗೌರಿಯ ಸರದಿ ಬಂತು. ಮೇಕೆಯ ಕಾರ್ಡೇ ಸಿಕ್ಕಿತು. ನಾನು ಮರದಾಚೆ ನಿಂತು ಮಹಾದೇವನನ್ನು ನೆನೆದೆ. ಹುಡುಗಿ ನೀರು ಹರಿದಂತೆ ಓದಿದಳು. ಅವಳು ಓದಿ ಮುಗಿಸುವವರೆಗೆ ಬಾಯಿಯ ಪೆನ್ಸಿಲು ಒಮ್ಮೆಯೂ ಚೀಟಿಯ ಮೇಲೆ ಇಳಿಯಲಿಲ್ಲ. ಕೇಳಿದ ಪ್ರಶ್ನೆಗಳಿಗೂ ಸರಿಯಾಗಿ ಉತ್ತರ ಕೊಟ್ಟಳು. ಬಾಯಿ ಕನ್ನಡಕ ತೆಗೆದು ಅವಳನ್ನೊಮ್ಮೆ, ಮರದ ಕಡೆ ಒಮ್ಮೆ ನೋಡಿದರು. ಪಕ್ಕದ ಮೇಜಿನ ಚಿಕ್ಕ ವಯಸ್ಸಿನ ನೀತಾ ಬಾಯಿ ಮಾತ್ರ ಚಪ್ಪಾಳೆ ತಟ್ಟಿ, “ಶಾಬಾಸ್! ಇನ್ನು ಪುಸ್ತಕದ ಕಪಾಟಿನ ಗುಂಪು!” ಎಂದರು.

ತಾವೇ ಪುಸ್ತಕ ಆರಿಸಿಕೊಂಡು ಓದುವ ಮಕ್ಕಳ ಗುಂಪು ಅದು. ಅವರಿಗೆ ಯಾರೂ ಅಕ್ಷರ ಕೂಡಿಸಿ ಕೊಡುವುದಿಲ್ಲ. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ಮಗಳು ಬಿಲ್ಡಿಂಗಿನವರಿಗೆಲ್ಲ ಸುದ್ದಿ ಹೇಳಿ ಮುಗಿಸುವ ಹೊತ್ತಿಗೆ ನಾವು ಮೂವರೂ ನಾಸಿಕದ ಬಸ್ಸಿನಲ್ಲಿ ಕೂತಿದ್ದೆವು. ಗೌರಿಗೆ ಶುಕ್ರವಾರ, ಶನಿವಾರ ರಜೆ ಕೇಳಿದ್ದಾಗಿತ್ತು. ಶುಕ್ರವಾರ ಗೋದಾವರಿ, ಶನಿವಾರ ತ್ರ್ಯಂಬಕ, ರವಿವಾರ ಮರಳುವುದು.

ನಾಸಿಕ್, ಗೋದಾವರಿಯ ಮೆಟ್ಟಿಲು

ಪಂಚವಟಿಯ ಧರ್ಮಶಾಲೆಯಲ್ಲಿ ಕೋಣೆ ಸಿಕ್ಕಿತು. ಬಿಸಿನೀರು ಇರಲಿಲ್ಲ, ಗೋದಾವರಿಯಲ್ಲೇ ಮುಳುಗುವವರಿಗೆ ಬಿಸಿನೀರೇಕೆ? ನಾಸಿಕದ ಜನ ಬೆಳಗಾಗುತ್ತಲೇ ಮಿಸಳ್ ತಿನ್ನುತ್ತಾರೆ. ಮೊಳಕೆ ಕಾಳಿನ ಮೇಲೆ ಬೆಂಕಿಯಂಥ ಕೆಂಪು ರಸ, ಅದರ ಮೇಲೆ ಶೇವು, ಬದಿಗೆ ಮೊಸರು. ನಮ್ಮ ಚುರುಮುರಿ ಸುಸಲಾ ತಿಂದು ಬೆಳೆದ ಹೊಟ್ಟೆಗೆ ಅದು ತಡೆಯಲಿಲ್ಲ. ಮೊಸರನ್ನಷ್ಟೇ ತಿಂದು ಎದ್ದೆ. ಪಕ್ಕದಲ್ಲಿ ಕೂತ ಮುದುಕ, ಹಲ್ಲಿಲ್ಲದವನು, ಎರಡನೇ ಸಲ ರಸ ಹಾಕಿಸಿಕೊಂಡು ನನ್ನ ತಟ್ಟೆ ನೋಡಿ ನಕ್ಕ.

ರಾಮಕುಂಡದಲ್ಲಿ ಮೂರು ಮುಳುಗು ಹಾಕಿ ಎದ್ದಾಗ ಮೂಗಿನ ಮೇಲೆ ಕನ್ನಡಕವಿರಲಿಲ್ಲ. ಬಿಚ್ಚಿಡಲು ಮರೆತದ್ದು ನನ್ನದೇ ತಪ್ಪು. ಹೋಗಲಿ, ಒಂದು ಗಾಜಿಗೆ ಮೊದಲೇ ಗೀರು ಬಿದ್ದಿತ್ತು, ಕಿವಿಯ ಓಲೆ ಹೋಗಲಿಲ್ಲವಲ್ಲ ಎಂದು ತಾಯಿಗೆ ಕೈ ಮುಗಿದೆ. ದಿನವೆಲ್ಲ ದೇವರನ್ನೂ ದ್ರಾಕ್ಷಿಯ ಗಾಡಿಗಳನ್ನೂ ಮಂಜಿನೊಳಗಿನಿಂದ ನೋಡಿದಂತೆ ನೋಡಿದೆ.

ಸಂಜೆ ಆರತಿಗೆ ಮುನ್ನ ವೀಣಾ ಬತ್ತಿ, ಹೂವು ತರಲು ಹೋದಳು. ಬಸ್ಸಿನ ನಿಲ್ದಾಣದ ಹತ್ತಿರ ನಾನು, ಗೌರಿ ನಿಂತಿದ್ದೆವು. ಅಲ್ಲೊಂದು ದೊಡ್ಡ ಹಲಗೆ, ಮರಾಠಿಯಲ್ಲಿ ಬರೆದದ್ದು.

“ಗೌರವ್ವಾ, ಓದ ನೋಡೋಣು. ನಾಳೆ ತ್ರ್ಯಂಬಕದ ಬಸ್ಸು ಎಷ್ಟಕ್ಕ?”

ಅವಳು ಹಲಗೆಯನ್ನು ನೋಡಿದಳು. ನನ್ನನ್ನು ನೋಡಿದಳು. ಕಾಲಿನಿಂದ ಮಣ್ಣು ಕೆದರಿದಳು.

“ಓದವಾ, ನನಗ ಕಾಣವಲ್ದು.”

“ಆಜಿ, ಹೇ ಕಾರ್ಡ್‌ದಾಗ ನಾಹೀ ನಾ.”

ಇದು ಕಾರ್ಡಿನಲ್ಲಿಲ್ಲ, ಎಂದಳು. ಅವಳನ್ನು ಕರೆದುಕೊಂಡು ಹೋಗಿ ನದಿಯ ಮೆಟ್ಟಿಲ ಮೇಲೆ ಕೂತೆ. ನನ್ನ ಫೋನಿನಲ್ಲಿ ಮೇಕೆಯ ಕಾರ್ಡನ್ನು ಅವಳೇ ಹುಡುಕಿ ತೆಗೆದಳು, ಮೇಲೆ ಮೇಕೆಯ ಚಿತ್ರವಿತ್ತು. ಓದು ಎಂದೆ. ಕಣ್ಣನ್ನು ಫೋನಿನ ಮೇಲಿಟ್ಟು ಶುರು ಮಾಡಿದಳು. ಮೇಕೆ ಮನೆಯಿಂದ ಹೊರಟಿತು, ಹಳ್ಳದ ದಂಡೆಗೆ ಬಂತು. ಅಷ್ಟರಲ್ಲಿ ಫೋನಿನ ಬೆಳಕು ತಾನಾಗಿಯೇ ಆರಿತು. ಕನ್ನಡಕವಿಲ್ಲದ ನನಗೂ ಅದು ಕಂಡಿತು. ಅವಳಿಗೆ ತಿಳಿಯಲಿಲ್ಲ. ಕಪ್ಪು ಗಾಜನ್ನು ನೋಡುತ್ತ, ಒಂದಕ್ಷರ ತಪ್ಪದೆ, ಮೇಕೆಗೆ ನೀರು ಕುಡಿಸಿ ಮನೆಗೆ ಮುಟ್ಟಿಸಿದಳು.

ಆರತಿ ಶುರುವಾಯಿತು. ಎಲ್ಲರೂ ಎದ್ದು ನಿಂತರು. ನಾನು ಕೂತಲ್ಲೇ ಫೋನನ್ನು ಸೆರಗಿನಲ್ಲಿ ಮುಚ್ಚಿದೆ. ಈ ಮಗು ಓದಲು ಕಲಿಯುತ್ತಿದ್ದ ಒಂದೇ ಜಾಗದಿಂದ ನಾನು ಅವಳನ್ನು ಎಬ್ಬಿಸಿಬಿಟ್ಟಿದ್ದೆ.

ಊಟಕ್ಕೆ ಕೂತಾಗ ವೀಣಾಳಿಗೆ ಹೇಳಿದೆ. ಅವಳು ಜೋಳದ ಭಾಕರಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಅದಕೇನೀಗ? ಮುಂದ ತಾನಾ ಕಲೀತಾಳ ಬಿಡು.”

“ಯಾರ ಕಲಸ್ತಾರ? ಕಲಿಸೂ ಬಾಯೇರ ಕಡಿಂದ ನಾನಾ ಬಿಡಿಸೀನಲ್ಲ. ನಾಳೆ ಮಧ್ಯಾಹ್ನ ಗುಂಪು ಮಾಡ್ತಾರಂತ ನೀನಾ ಅಂದಿ. ಮುಂದಿನ ಚಾಚಣಿ ಯಾವಾಗ?”

“ಮಾರ್ಚಿಗೆ.”

“ವರ್ಷ ಮುಗೀತಲ್ಲವಾ! ನಾಲ್ಕನೇದ್ದಕ್ಕ ಎಲ್ಲಾ ಪುಸ್ತಕಾನ ಓದಿ ಬರೀಬೇಕಂತಿ. ಬಾಯೇರಿಗೆ ಫೋನ್ ಹಚ್ಚು.”

“ನಂಬರ್ ಇಲ್ಲ. ಗ್ರೂಪಿನಾಗ ಸಾಲಿಯವರಷ್ಟ ಬರೀಬಹುದು, ನಾವು ಬರಿಯಾಕ ಬರಂಗಿಲ್ಲ. ಸೋಮವಾರ ಹೋಗಿ ಹೇಳೂಣು.”

“ಸೋಮವಾರ ಮುಂಜಾನೆ ಅವರು ಪಾಠ ಶುರು ಮಾಡಿರ್ತಾರ. ಆಕಿ ಜಾಗಾಕ್ಕ ಮತ್ತೊಂದು ಹುಡುಗಿ ಕೂತಿರತದ. ಅದನ್ನ ಎಬ್ಬಿಸ್ತಿ?”

ವೀಣಾ ತಟ್ಟೆ ಸರಿಸಿದಳು. “ಅವ್ವಾ, ಇಡೀ ಬಿಲ್ಡಿಂಗಿಗೆ ಪೇಢಾ ಹಂಚೀನಿ. ಮನೀಷಾನ ಹೆಸರು ಹೊರಗ ಬಿತ್ತಂದ್ರ ನಾ ಅಲ್ಲಿ ಮಾರಿ ಹೆಂಗ ತೋರಸ್ಲಿ? ನೀ ಎರಡು ದಿನಾ ಇದ್ದು ಹೋಗಾಕಿ. ಇರೂದು ನಾನು.”

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗೌರಿ ಆಗ ಎದ್ದು ಕೂತಳು. ಕನ್ನಡ ತಿಳಿಯುತ್ತದೆ ಅವಳಿಗೆ, ಆಡಲು ಅಷ್ಟು ಬರುವುದಿಲ್ಲ. ಅಂದು ಮಾತ್ರ ಸ್ವಚ್ಛವಾಗಿ ಆಡಿದಳು.

“ನೀನಾ ಹೇಳಿಕೊಟ್ಟಿ. ಈಗ ನೀನಾ ನನ್ನ ಹೆಸರ ಹೇಳ್ತಿ.”

ಬೆಳಿಗ್ಗೆ ತ್ರ್ಯಂಬಕದ ದಿಕ್ಕಿಗೆ ನಿಂತು ಕೈ ಮುಗಿದೆ. ನೀನು ಎಲ್ಲಿಗೂ ಹೋಗುವುದಿಲ್ಲ, ಆ ಮೂವರು ಟೀಚರು ಮಧ್ಯಾಹ್ನಕ್ಕೆ ಎದ್ದು ಹೋಗುತ್ತಾರೆ, ಕ್ಷಮಿಸು ಎಂದೆ. ವೀಣಾ ಚೀಲ ತುಂಬಿದಳು. ನನ್ನ ಮಾತಿಗೆ ಒಪ್ಪಿ ಹೊರಟಳೋ, ಗುರುತಿಲ್ಲದ ಊರಲ್ಲಿ ಕನ್ನಡಕವಿಲ್ಲದ ತಾಯಿಯನ್ನು ಒಬ್ಬಳನ್ನೇ ಬಿಡಲಾರದೆ ಹೊರಟಳೋ ಕೇಳಲಿಲ್ಲ.

ಯೇವಲಾ ದಾಟಿದ ಮೇಲೆ

ಆರು ಗಂಟೆಯ ಕೆಂಪು ಬಸ್ಸು. ಹನ್ನೊಂದಕ್ಕೆ ಮುಟ್ಟಿಸುತ್ತೇನೆ ಎಂದ ಕಂಡಕ್ಟರ್. ಯೇವಲಾದಲ್ಲಿ ರಸ್ತೆಯ ಎರಡೂ ಬದಿಗೆ ಪೈಠಣಿ ಸೀರೆಯ ಅಂಗಡಿಗಳು. ಬೇರೆ ದಿನವಾಗಿದ್ದರೆ ಮುಟ್ಟಿಯಾದರೂ ನೋಡುತ್ತಿದ್ದೆ. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು, ಹಿಂದಿನ ಟಾಯರ್ ಠಪ್ಪೆಂದಿತು. ಡ್ರೈವರ್ ಇಳಿದು ನೋಡಿ, ಬದಲಿ ಟಾಯರಿನಲ್ಲೂ ಗಾಳಿಯಿಲ್ಲ ಎಂದ. ಹೇಳಿ ಬೇವಿನ ಕಡ್ಡಿಯಿಂದ ಹಲ್ಲು ಉಜ್ಜಲು ಕೂತ.

ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋದವು. ನಮ್ಮ ಕಡೆಯ ಜನರಾಗಿದ್ದರೆ ಇಷ್ಟೊತ್ತಿಗೆ ಕಂಡಕ್ಟರನ ಸುತ್ತ ನಿಂತು ಜಗಳ ತೆಗೆಯುತ್ತಿದ್ದರು. ಇಲ್ಲಿಯವರು ಗಂಟು ಬಿಚ್ಚಿ ಊಟಕ್ಕೆ ಕೂತರು. ನಾನು ಎದ್ದು ರಸ್ತೆ ನೋಡುವುದು, ಕೂರುವುದು, ಮತ್ತೆ ಎದ್ದು ವೀಣಾಳನ್ನು ಗಂಟೆ ಕೇಳುವುದು. ಒಂಬತ್ತು ಮುಕ್ಕಾಲು. ಹತ್ತೂವರೆ. ಕಚ್ಚೆ ಹಾಕಿ ಸೀರೆ ಉಟ್ಟಿದ್ದ ಒಬ್ಬ ಮುದುಕಿ ಭಾಕರಿಯ ಮೇಲೆ ಹಸಿಮೆಣಸಿನಕಾಯಿ ಠೇಚಾ ಹಚ್ಚಿ ನನ್ನ ಕೈಯಲ್ಲಿಟ್ಟು, ಇಷ್ಟು ಚಡಪಡಿಕೆ ಏಕೆ ಎಂದು ಕೇಳಿದಳು.

“ಶಾಳೇಲಾ ಜಾಯಚಂ ಆಹೇ,” ಎಂದೆ ನನ್ನ ಹರಕು ಮರಾಠಿಯಲ್ಲಿ. ಶಾಲೆಗೆ ಹೋಗಬೇಕು.

ಮುದುಕಿ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು, “ಅಗೋ, ಈ ಆಜೀಗೆ ಶಾಲೆಗೆ ಹೊತ್ತಾಯಿತಂತೆ! ಮಾಸ್ತರು ಬೆಂಚಿನ ಮೇಲೆ ನಿಲ್ಲಿಸುತ್ತಾರೆ!”

ಎಲ್ಲರೂ ನಕ್ಕರು. ಗೌರಿಯೂ ನಗುವವಳಿದ್ದಳು, ನನ್ನನ್ನು ನೋಡಿ ಮುಖ ತಿರುಗಿಸಿದಳು. ಆದರೆ ಹಿಂದಿನಿಂದ ಇನ್ನೊಂದು ಬಸ್ಸು ಬಂದಾಗ, ಅದು ಬಾಗಿಲವರೆಗೆ ತುಂಬಿದ್ದಾಗ, ಅದೇ ಮುದುಕಿ ಮೊಣಕೈಯಿಂದ ದಾರಿ ಮಾಡಿ “ಶಾಲೆಯ ಆಜೀಗೆ ಜಾಗ ಬಿಡಿ,” ಎಂದು ನಮ್ಮ ಮೂವರನ್ನೂ ಒಳಗೆ ನೂಕಿದಳು. ದೇವರು ಯಾವ ವೇಷದಲ್ಲಿ ಬರುತ್ತಾನೋ ಹೇಳಲಾಗದು. ಸಂಭಾಜಿನಗರದ ನಿಲ್ದಾಣದಲ್ಲಿ ಇಳಿದಾಗ ಒಂದು ಗಂಟೆ ಹತ್ತು ನಿಮಿಷ. ಟೀಚರುಗಳ ಸಭೆ ಒಂದಕ್ಕೇ ಶುರುವಾಗಿರುತ್ತದೆ. ರಿಕ್ಷಾದವನಿಗೆ ಓಡಿಸಪ್ಪಾ ಎಂದೆ. ಅವನು ಓಡಿಸಿದ ರೀತಿಗೆ ಆ ಮಾತು ಆಡಬಾರದಿತ್ತು ಎನ್ನಿಸಿತು.

ಮೂವರು ಟೀಚರು, ಒಂದು ಮೇಜು

ಗೇಟಿನಲ್ಲಿ ಸಿಪಾಯಿ ತಡೆದ. ಪಾಲಕರಿಗೆ ಸೋಮವಾರ ಎಂದ. ವೀಣಾ ಅಲ್ಲೇ ನಿಂತಳು. ನಾನು ಗೌರಿಯ ಕೈ ಹಿಡಿದು ಅವನ ಪಕ್ಕದಿಂದ ನಡೆದೆ. ನೆರೆತ ಕೂದಲಿನವರನ್ನು ಯಾವ ರಾಜ್ಯದಲ್ಲೂ ಕೈ ಹಿಡಿದು ಎಳೆಯುವುದಿಲ್ಲ, ಅಷ್ಟು ಪುಣ್ಯ.

ಕೋಣೆಯಲ್ಲಿ ನಾಲ್ಕು ಬೆಂಚು ಜೋಡಿಸಿ ಒಂದು ದೊಡ್ಡ ಮೇಜು ಮಾಡಿದ್ದರು. ಅದರ ಮೇಲೆಲ್ಲ ಚೀಟಿಗಳು. ನಾವು ಅಕ್ಕಿ ಹಸನು ಮಾಡುವಾಗ ಮೊರದಲ್ಲಿ ನುಚ್ಚು ಒಂದು ಕಡೆ, ಹರಳು ಒಂದು ಕಡೆ ಸರಿಸುತ್ತೇವಲ್ಲ, ಹಾಗೆ ಐದು ಕಡೆ ಸರಿಸಿಟ್ಟಿದ್ದರು. ಮೂರು ಗುಡ್ಡೆಗಳಿಗೆ ಆಗಲೇ ರಬ್ಬರ್ ಹಾಕಿತ್ತು. ಶುಭಾಂಗಿ ಬಾಯಿ, ನೀತಾ ಬಾಯಿ, ಮತ್ತು ಮೂರನೆಯ ತುಕಡಿಯ ಕದಮ್ ಸರ್. ಚಹಾ ತಣ್ಣಗಾಗಿತ್ತು. ಮೂವರ ಮುಖ ನೋಡಿದರೆ ಒಂದು ಸುತ್ತು ವಾದ ನಡೆದಿತ್ತು ಎಂದು ಕಾಣುತ್ತಿತ್ತು.

“ಆಜಿ, ಬಸಾ. ಕಾಯ ಝಾಲಂ?” ಎಂದರು ಶುಭಾಂಗಿ ಬಾಯಿ. ಕೂತುಕೊಳ್ಳಿ, ಏನಾಯಿತು?

ಕೂರಲಿಲ್ಲ. ನಿಂತೇ ಹೇಳಿದೆ. ಮರಾಠಿ ಸಾಲದೆ ನಡುವೆ ಕನ್ನಡ ಬಂತು. ಹುಡುಗಿಯದು ತಪ್ಪಿಲ್ಲ, ನಾನು ಬಾಯಿಪಾಠ ಮಾಡಿಸಿದೆ, ಅವಳಿಗೆ ಹಲಗೆ ಓದಲು ಬರುವುದಿಲ್ಲ, ಕಪ್ಪು ಫೋನನ್ನು ಓದುತ್ತಾಳೆ. ಗೌರಿ ನನ್ನ ಸೆರಗಿನ ಹಿಂದೆ ಹೋದಳು.

ಕದಮ್ ಸರ್ ಮೊದಲು ನಕ್ಕರು. “ಮನೆಗೊಬ್ಬ ಇಂಥ ಆಜಿ ಇದ್ದರೆ ನಮ್ಮ ಶಾಲೆಯೇ ಮೊದಲ ನಂಬರ್!” ಎಂದರು. ಆಮೇಲೆ ಅವರ ನಗು ನಿಂತಿತು. “ಕಾರ್ಡು ನಿಮಗೆ ಎಲ್ಲಿ ಸಿಕ್ಕಿತು?”

ಇದೇ ಪ್ರಶ್ನೆಗೆ ನಾನು ದಾರಿಯುದ್ದಕ್ಕೂ ಹೆದರಿದ್ದೆ. ಹೆಸರು ಹೇಳಲಿಲ್ಲ. ಹಳೆಯ ಮಕ್ಕಳ ಮನೆಯಿಂದ ಬಂತು ಎಂದಷ್ಟೇ ಹೇಳಿದೆ. ಅಷ್ಟೇ ಸಾಕಾಯಿತು. ಸರ್ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡರು. ಒಬ್ಬರಿಗೆ ಸಿಕ್ಕಿದ್ದರೆ ಹತ್ತು ಜನರಿಗೆ ಸಿಕ್ಕಿರಬಹುದು, ಯಾವ ಚೀಟಿಯನ್ನು ನಂಬುವುದು?

ಶುಭಾಂಗಿ ಬಾಯಿ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ರಬ್ಬರ್ ಬಿಚ್ಚಿ ಗೌರಿಯ ಚೀಟಿ ಹುಡುಕಿ ಮೇಜಿನ ನಡುವೆ ಇಟ್ಟರು. ಮೇಲೆ ಪೂರ್ತಿ ಅಂಕ ಎಂದರು. ಹಿಂದೆ ಪೆನ್ಸಿಲಿನಲ್ಲಿ, ಕನ್ನಡಕವಿಲ್ಲದ ನನಗೂ ಕಾಣುವಷ್ಟು ದೊಡ್ಡ ಪ್ರಶ್ನೆಯ ಗುರುತು. “ನಾನು ಅರ್ಧ ತಾಸಿನಿಂದ ಇದನ್ನೇ ಹೇಳುತ್ತಿದ್ದೇನೆ, ಸರ್. ಸೋಮವಾರ ಶುದ್ಧಲೇಖನ ಬರೆಯುವಾಗ ತಡವರಿಸಿದ ಹುಡುಗಿ ಗುರುವಾರ ಹೀಗೆ ಓದುವುದಿಲ್ಲ. ಅಂಕ ಒಂದು ಹೇಳುತ್ತದೆ, ಅವಳು ಬರೆದ ವಹಿ ಇನ್ನೊಂದು ಹೇಳುತ್ತದೆ. ಎರಡೂ ಜಗಳವಾಡಿದರೆ ಮತ್ತೆ ಕೇಳಬೇಕು.”

“ಕೇಳಿ ಹಾಗಾದರೆ,” ಎಂದರು ಸರ್.

ಬಾಯಿ ಕಪಾಟಿನ ಮೇಲಿಂದ ಯಾರೂ ನೋಡಿರದ ಒಂದು ಕಾರ್ಡು ತೆಗೆದರು. ಗೌರಿ ಕೂತಳು. ಮೊದಲ ಶಬ್ದವೇ ಬರಲಿಲ್ಲ. ಒಂದು ಅಕ್ಷರ, ಇನ್ನೊಂದು ಅಕ್ಷರ, ಕೂಡುವಲ್ಲಿ ನಿಲ್ಲುವುದು, ಮತ್ತೆ ಮೊದಲಿನಿಂದ. ಅವಳ ಕುತ್ತಿಗೆ ಕೆಂಪಾಗಿತ್ತು. ಬಾಯಿಯ ಪೆನ್ಸಿಲು ಓಡುತ್ತಲೇ ಇತ್ತು. ಎರಡನೆಯ ಸಾಲಿಗೆ “ಪುರೇ, ಬಾಳ,” ಎಂದರು, ಸಾಕು ಮಗಾ. ಗೌರಿ ತಲೆ ಎತ್ತಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಉದ್ದದ ಎರಡು ಸಾಲು ನಾನು ಕೇಳಿಲ್ಲ.

“ಇವಳು ನನ್ನ ಗುಂಪಿಗೇ,” ಎಂದರು ಬಾಯಿ.

“ಎಂಟು ತುಂಬಿದೆಯಲ್ಲ,” ಎಂದರು ನೀತಾ ಬಾಯಿ ಮೆಲ್ಲಗೆ. “ಗೌರಿಯ ಜಾಗಕ್ಕೆ ರೇಣುಕಾಳನ್ನು ಹಾಕಿದ್ದೇವೆ.”

ನಾನು ಹೆದರಿದ್ದು ನಿಜವಾಯಿತು. ಒಂಬತ್ತಾದರೆ ಒಬ್ಬೊಬ್ಬರ ಓದು ಕೇಳಲು ಹೊತ್ತು ಸಾಲುವುದಿಲ್ಲ ಎಂದು ಸರ್ ಅಂದರು. ರೇಣುಕಾ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳಂತೆ. ಹೊರಗೆ ಕಟ್ಟೆಯ ಮೇಲೆ ಕೂತು ತಾಯಿಯ ದಾರಿ ಕಾಯುತ್ತಿದ್ದಳು. ನನ್ನ ಮೊಮ್ಮಗಳಿಗಾಗಿ ಅವಳನ್ನು ಎಬ್ಬಿಸಿದರೆ ಮಾಡಿದ ತಪ್ಪು ಎರಡಾಗುತ್ತದೆ. ಬೇಡ ಎನ್ನುವುದು ನನ್ನ ಕೆಲಸವಾಗಿತ್ತು, ಎನ್ನಲಿಲ್ಲ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಶುಭಾಂಗಿ ಬಾಯಿ ರೇಣುಕಾಳ ಚೀಟಿ ತೆಗೆದು ಹಿಂದೆ ತಿರುಗಿಸಿದರು. “ಒಟ್ಟು ಅಂಕ ಕಡಿಮೆ ಎಂದು ನನ್ನ ಗುಂಪಿಗೆ ಹಾಕಿದೆವು. ಹಿಂಬದಿ ನೋಡಿ. ಓದಿನಲ್ಲಿ ತಪ್ಪೇ ಇಲ್ಲ. ಪ್ರಶ್ನೆಗೆ ಮಾತ್ರ ಒಂದಕ್ಕೂ ಉತ್ತರವಿಲ್ಲ.” ನನ್ನ ಕಡೆ ತಿರುಗಿದರು. “ಆಜಿ, ನಿಮಗೆ ಕನ್ನಡ ಬರುತ್ತದಲ್ಲ?”

ರೇಣುಕಾಳನ್ನು ಕರೆದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಚುರುಕು ಕಣ್ಣು. ಗೌರಿಗೆ ಕೊಟ್ಟ ಕಾರ್ಡನ್ನೇ ಕೊಟ್ಟರು. ಸರಸರ ಓದಿದಳು.

“ಏನ್ ಐತವ್ವಾ ಅದರಾಗ?” ಎಂದು ಕೇಳಿದೆ.

ಶಾಲೆಯಲ್ಲಿ ಕನ್ನಡ ಕೇಳಿ ಅವಳು ಬೆಚ್ಚಿದಳು. ಆಮೇಲೆ ಕಿಸಕ್ಕನೆ ನಕ್ಕಳು. “ಯಾಂಬಲ್ಲರೀ ಅಮ್ಮಾ, ಯಾರಿಗ್ ಗೊತ್ತು! ಓದಾಕ್ ಬರ್ತೈತಿ, ಅಂದಿದ್ದು ತಿಳಿಯಂಗಿಲ್ಲ.”

ನಾನು ಕಾರ್ಡನ್ನು ಅವಳಿಂದಲೇ ಮತ್ತೆ ಓದಿಸಿಕೊಂಡು, ಕನ್ನಡದಲ್ಲಿ ಹೇಳಿ, ಪ್ರಶ್ನೆ ಕೇಳಿದೆ. ಎಲ್ಲದಕ್ಕೂ ಪಟಪಟನೆ ಉತ್ತರ. ಮೂವರೂ ಟೀಚರು ಒಬ್ಬರನ್ನೊಬ್ಬರು ನೋಡಿದರು. ಇವಳಿಗೆ ಅಕ್ಷರ ಕೂಡಿಸಿ ಕೊಡುವುದು ಬೇಕಿಲ್ಲ, ಮರಾಠಿಯ ಮಾತು ಬೇಕು, ದಿನಾ ಮಾತಾಡಿಸಿ ಕಥೆ ಹೇಳುವ ನೀತಾ ಬಾಯಿಯ ಗುಂಪು ಬೇಕು. ಚೀಟಿ ಆ ಕಡೆ ಸರಿಯಿತು. ಈ ಕಡೆ ಒಂದು ಜಾಗ ತೆರವಾಯಿತು.

ಕದಮ್ ಸರ್ ಉಳಿದ ರಬ್ಬರುಗಳನ್ನೂ ಬಿಚ್ಚಿದರು. ಮೇಲಿನ ಗುಂಪಿನ ಎಲ್ಲ ಮಕ್ಕಳಿಗೂ ಸೋಮವಾರ ಹೊಸ ಕಾರ್ಡಿನಿಂದ ಮತ್ತೆ ಚಾಚಣಿ ಎಂದು ತೀರ್ಮಾನವಾಯಿತು. ಅವರ ಶನಿವಾರವನ್ನು ನಾನು ಹಾಳು ಮಾಡಿದ್ದೆ. ಆದರೂ ಹೊರಡುವಾಗ ನೀತಾ ಬಾಯಿ ಡಬ್ಬಿ ತೆರೆದು ನಮಗೆ ತಿಳಗುಳ, ಅಂದರೆ ಇಲ್ಲಿಯ ಎಳ್ಳು-ಬೆಲ್ಲ, ಕೊಟ್ಟರು.

ವಾಳೂಜ್, ಹೊರಡುವ ಮುನ್ನ

ಪಾಲಕರ ಗ್ರೂಪಿನಲ್ಲಿ ಸೋಮವಾರದ ಚಾಚಣಿಯ ಸುದ್ದಿ ಬಂತು. ಕಾರಣ ಬರೆದಿರಲಿಲ್ಲ. ಮನೀಷಾಳಿಗೆ ಕಾರಣ ಬೇಕಿರಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ನಾನು ನಮಸ್ಕಾರ ಎಂದೆ, ಅವಳು ಹಾಲಿನ ಚೀಲ ನೋಡುತ್ತ ಹತ್ತಿಹೋದಳು. ವೀಣಾ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಅಳಿಯಂದಿರು ಮಾತ್ರ “ಅತ್ತೀರ, ಛಲೋ ಮಾಡಿದ್ರಿ ಬಿಡ್ರಿ,” ಎಂದರು, ಅದೂ ವೀಣಾ ಸ್ನಾನಕ್ಕೆ ಹೋಗಿದ್ದಾಗ.

ಗೌರಿ ನಾಲ್ಕು ದಿನ ನನ್ನ ಪಕ್ಕ ಮಲಗಲಿಲ್ಲ.

ಬುಧವಾರ ಶುಭಾಂಗಿ ಬಾಯಿ ಅವಳ ವಹಿಯಲ್ಲಿ ಒಂದು ಕಾಗದ ಅಂಟಿಸಿ ಕಳಿಸಿದ್ದರು. ದಿನಾ ಹತ್ತು ನಿಮಿಷ ಮಗು ಓದುವುದನ್ನು ಮನೆಯವರೊಬ್ಬರು ಕೇಳಬೇಕು, ನಿಂತಲ್ಲಿ ಕಾಯಬೇಕು, ಹೇಳಿಕೊಡಬಾರದು. ವೀಣಾ ಅದನ್ನು ಓದಿ ಹೇಳಿ, ವಹಿಯನ್ನು ನನ್ನ ಮುಂದಿಟ್ಟು ಅಡಿಗೆಮನೆಗೆ ಹೋದಳು. ಗೌರಿ ಪುಸ್ತಕ ತೆಗೆದುಕೊಂಡು ದೂರದಲ್ಲಿ ಕೂತು ಓದತೊಡಗಿದಳು. ನನಗಾಗಿ ಓದುತ್ತಿಲ್ಲ ಎಂದು ತೋರಿಸಲು ಗೋಡೆಯ ಕಡೆ ತಿರುಗಿದ್ದಳು.

ಮೂರನೆಯ ಸಾಲಿನಲ್ಲಿ ಗಾಡಿ ನಿಂತಿತು. ನನ್ನ ಹೊಸ ಕನ್ನಡಕದಲ್ಲಿ ಆ ಶಬ್ದ ಇಲ್ಲಿಂದಲೇ ಕಾಣುತ್ತಿತ್ತು. ಉಪವಾಸ ಮಾಡಿದ್ದೇನೆ, ಮೌನವ್ರತ ಹಿಡಿದಿದ್ದೇನೆ, ಬರಿಗಾಲಲ್ಲಿ ಬೆಟ್ಟ ಹತ್ತಿದ್ದೇನೆ. ಇಷ್ಟು ಕಠಿಣವಾದದ್ದು ಯಾವುದೂ ಇರಲಿಲ್ಲ. ಶಬ್ದ ನಾಲಿಗೆಯ ತುದಿಗೆ ಬಂದು ಕೂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವಳು ಅರ್ಧ ಹೇಳಿದಳು, ಬಿಟ್ಟಳು, ಬೆರಳನ್ನು ಹಿಂದಕ್ಕೆ ತಂದಳು. ನಾನು ಮುಂದಕ್ಕೆ ಬಾಗಿದ್ದು ಅವಳಿಗೆ ಹೇಗೆ ತಿಳಿಯಿತೋ, ತಲೆ ಎತ್ತದೆಯೇ ಎಡಗೈ ಎತ್ತಿ ನನ್ನನ್ನು ತಡೆದಳು.

“ಹೇಳಬ್ಯಾಡ, ಆಜಿ,” ಎಂದಳು. “ಥಾಂಬ.” ತಾಳು ಎಂದು.

ನಿಂತೆ. ಗೋಡೆಯಿಂದ ಅವಳು ಸ್ವಲ್ಪ ಸ್ವಲ್ಪವೇ ನನ್ನ ಕಡೆ ತಿರುಗಿದ್ದಳು. ಬೆರಳು ಅದೇ ಶಬ್ದದ ಕೆಳಗೆ ಮೊದಲಿನಿಂದ ಹೊರಟಿತು.